ಕಾನೂನುಭಂಗ ಚಳವಳಿ ಮತ್ತು ಪೊಲೀಸರ ಉತ್ತರದಾಯಿತ್ವ

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ರಾತ್ರಿ. ಮುಂಬಯಿಯ ಉಪನಗರವೊಂದರ ಪೊಲೀಸ್ ಠಾಣೆಯ ಬೆಂಚಿನ ಮೇಲೆ ನಾವು ಮತ್ತು ನಮ್ಮ ಪರಿಚಯದ ಹಿರಿಯ ಕನ್ನಡಿಗರೊಬ್ಬರು ಕುಳಿತಿದ್ದೆವು. ಅವರ ಮಗ ಇಂಜಿನಿಯರಿಂಗ್ ವಿದ್ಯಾರ್ಥಿ. ರಸ್ತೆಗಾಗಿ ಮರ ಕಡಿಯುವುದನ್ನು ವಿರೋಧಿಸಿ ಗೆಳೆಯರೊಡನೆ ಫಲಕ ಹಿಡಿದು ನಿಂತಿದ್ದವನನ್ನು ಮಧ್ಯಾಹ್ನವೇ ವ್ಯಾನು ಹತ್ತಿಸಿ ಕರೆತಂದಿದ್ದರು. ಹುಡುಗನನ್ನು ಯಾರೂ ಹೊಡೆದಿರಲಿಲ್ಲ. ಚಹಾ ಸಹ ಕೊಟ್ಟಿದ್ದರಂತೆ. ಆದರೆ ಅವನು ಅಲ್ಲಿದ್ದಾನೆ ಎಂಬುದಕ್ಕೆ ಒಂದು ಚೂರು ಕಾಗದವಿರಲಿಲ್ಲ. ದಸ್ತಗಿರಿಯ ಪತ್ರ ಕೊಡಿರೆಂದು ಕೇಳಿದಾಗ, "ದಸ್ತಗಿರಿಯೇ ಆಗಿಲ್ಲವಲ್ಲ, ಪತ್ರ ಎಲ್ಲಿಂದ ಬರಬೇಕು?" ಎಂದು ಅಧಿಕಾರಿಗಳು ನಗುತ್ತಲೇ ಕೇಳಿದರು. ಹಾಗಾದರೆ ಮನೆಗೆ ಕರೆದೊಯ್ಯಬಹುದೇ ಎಂದರೆ, ಅದೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಿಟ್ಟರು. ದಾರಿಯಲ್ಲಿ ತಂದೆ ಹೇಳಿದ್ದು ಒಂದೇ ಮಾತು: "ರಾಯರೇ, ಈ ಹನ್ನೊಂದು ತಾಸು ಇವನು ಎಲ್ಲಿದ್ದ ಅಂತ ನಾಳೆ ಯಾರಾದರೂ ಕೇಳಿದರೆ ನಾವು ಏನು ತೋರಿಸೋಣ?"

ಮೂರು ದಶಕಗಳ ಕಾಲ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ ನಮಗೆ ಆ ಪ್ರಶ್ನೆ ನಾಟಿತು. ನಮ್ಮ ವೃತ್ತಿಯಲ್ಲಿ ವೋಚರಿಲ್ಲದೆ ಹತ್ತು ರೂಪಾಯಿ ಅಲುಗುವುದಿಲ್ಲ; ಯಾರು ಬರೆದರು, ಯಾರು ಪಾಸು ಮಾಡಿದರು ಎಂಬುದಕ್ಕೆ ಎರಡು ಸಹಿ ಬೇಕು. ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನು ಅರ್ಧ ದಿನ ತೆಗೆದಿರಿಸಿಕೊಳ್ಳುವುದಕ್ಕೆ ಸಹಿ ಬೇಡವೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾವು ಹಳೆಯ ಚಳವಳಿಗಳ ಇತಿಹಾಸವನ್ನೂ ಇಂದಿನ ಕಾಯಿದೆಯನ್ನೂ ಓದತೊಡಗಿದೆವು. ಅದರಲ್ಲಿ ನಮ್ಮ ಓದುಗರಿಗೆ ಉಪಯುಕ್ತವೆಂದು ತೋರಿದ್ದನ್ನು ಇಲ್ಲಿ ಸಂಗ್ರಹಿಸಿ ಕೊಟ್ಟಿದ್ದೇವೆ. ಉದಾಹರಣೆಗಳನ್ನು ಬಹುಮಟ್ಟಿಗೆ ಕರ್ನಾಟಕದಿಂದಲೂ ಮುಂಬಯಿಯಿಂದಲೂ ಆರಿಸಿಕೊಂಡಿದ್ದೇವೆ. ಈ ಎರಡೂ ನಮ್ಮ ಊರುಗಳೇ ಅಲ್ಲವೇ.

ಕಾನೂನುಭಂಗವೆಂದರೇನು?

ಕಳ್ಳನೂ ಕಾನೂನನ್ನು ಮುರಿಯುತ್ತಾನೆ, ಸತ್ಯಾಗ್ರಹಿಯೂ ಮುರಿಯುತ್ತಾನೆ. ಕಳ್ಳನು ಮರೆಯಲ್ಲಿ ಮುರಿದು ಶಿಕ್ಷೆಯಿಂದ ತಪ್ಪಿಸಿಕೊಳ್ಳುತ್ತಾನೆ. ಸತ್ಯಾಗ್ರಹಿಯು ಮೊದಲೇ ತಿಳಿಸಿ, ಹಗಲಿನಲ್ಲಿ, ಜನರ ಎದುರು ಮುರಿದು, ಶಿಕ್ಷೆಗೆ ಕೈ ಒಡ್ಡುತ್ತಾನೆ. 1917ರಲ್ಲಿ ಚಂಪಾರಣ್ಯದಲ್ಲಿ ಜಿಲ್ಲೆಯನ್ನು ಬಿಟ್ಟು ಹೋಗಬೇಕೆಂಬ ಆಜ್ಞೆ ಗಾಂಧೀಜಿಯವರ ಕೈಸೇರಿದಾಗ, ಅದನ್ನು ಪಾಲಿಸಲಾರೆನೆಂದು ಅವರು ಬರೆದು ತಿಳಿಸಿದರು. ಮೋತಿಹಾರಿಯ ನ್ಯಾಯಾಲಯದಲ್ಲಿ ಆಜ್ಞೆ ಮೀರಿದ್ದನ್ನು ತಾವಾಗಿಯೇ ಒಪ್ಪಿಕೊಂಡರು. ಮೊಕದ್ದಮೆಯನ್ನು ಕೊನೆಗೆ ಸರಕಾರವೇ ಹಿಂತೆಗೆದುಕೊಂಡಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಎರಡು ಕಡೆಯಲ್ಲಿಯೂ ಕಾಗದವಿತ್ತು. ಆಜ್ಞೆಗೆ ಅಧಿಕಾರಿಯ ಸಹಿ ಇತ್ತು, ಉಲ್ಲಂಘನೆಗೆ ಸತ್ಯಾಗ್ರಹಿಯ ಸಹಿ ಇತ್ತು. ಹೀಗಿದ್ದಲ್ಲಿ ನ್ಯಾಯಾಲಯಕ್ಕೂ ಇತಿಹಾಸಕ್ಕೂ ಪರಿಶೀಲಿಸಲು ಒಂದು ಆಧಾರ ಉಳಿಯುತ್ತದೆ. ಸತ್ಯಾಗ್ರಹಿಯು ತನ್ನ ಕೃತ್ಯಕ್ಕೆ ತಾನು ಹೊಣೆ ಎನ್ನುತ್ತಾನೆ. ಆಗ ಎದುರಿಗೆ ನಿಂತವರೂ ತಮ್ಮ ಕೃತ್ಯಕ್ಕೆ ಹೊಣೆಯಾಗಲೇಬೇಕೆಂಬ ನೈತಿಕ ಒತ್ತಡ ಉಂಟಾಗುತ್ತದೆ. ಪೊಲೀಸರ ಉತ್ತರದಾಯಿತ್ವವೆಂದು ಇಂದು ನಾವು ಕರೆಯುವ ವಿಷಯಕ್ಕೂ ಕಾನೂನುಭಂಗಕ್ಕೂ ಇರುವ ಸಂಬಂಧ ಇದೇ ಎಂದು ನಮ್ಮ ಅಭಿಪ್ರಾಯ.

ಅಂಕೋಲೆ, ಸಿದ್ದಾಪುರ: ಭೂಮಿ ಹೋದದ್ದು, ಮರಳಿ ಬಂದದ್ದು

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹೀಗಾಗಿ ಅಂಕೋಲೆಯ ರೈತನ ಅಹವಾಲಿಗೆ ಕೊನೆಯ ಮಾತು ಹೇಳುವ ಕಛೇರಿ ಇದ್ದುದು ಮುಂಬಯಿಯಲ್ಲಿ. ನಮ್ಮಲ್ಲಿ ಅನೇಕರ ಅಜ್ಜಂದಿರು ಇದೇ ಕಾರಣದಿಂದ, ಇದೇ ಹಡಗಿನ ದಾರಿಯಲ್ಲಿ, ಈ ನಗರಕ್ಕೆ ಬಂದವರು.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಕಡಲತಡಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯಲಾಯಿತು. ಹಾಗೆ ತಯಾರಾದ ಉಪ್ಪನ್ನು ಜನರ ಮುಂದೆಯೇ ಲಿಲಾವು ಮಾಡಿದರು. ಉಪ್ಪಿನ ಸತ್ಯಾಗ್ರಹ ನಾಡಿನ ಹಲವೆಡೆ ನಡೆಯಿತು. ಅಂಕೋಲೆಯನ್ನು ಬೇರೆಯಾಗಿ ನೆನೆಯುವಂತೆ ಮಾಡಿದ್ದು ಅದರ ಮುಂದಿನ ಹೆಜ್ಜೆ. ಅಂಕೋಲೆ ಮತ್ತು ಸಿದ್ದಾಪುರ ತಾಲೂಕುಗಳ ರೈತರು ಭೂಕಂದಾಯ ಕೊಡುವುದಿಲ್ಲವೆಂದು ಸಾರಿದರು. ಇದೇ ಕರನಿರಾಕರಣ ಚಳವಳಿ. ಗುಜರಾತಿನ ಬಾರ್ಡೋಲಿಯ ಮಾದರಿ ಅವರ ಕಣ್ಣ ಮುಂದಿತ್ತು. ಅಂಕೋಲೆಗೆ ಕರ್ನಾಟಕದ ಬಾರ್ಡೋಲಿಯೆಂಬ ಹೆಸರು ಬಂದದ್ದು ಹೀಗೆ.

ಕರ ಕೊಡದವರನ್ನು ಸರಕಾರ ಎದುರಿಸಿದ ರೀತಿಯು ಲಾಠಿಗಿಂತ ಹೆಚ್ಚಾಗಿ ಜಪ್ತಿಯದು. ಪಾತ್ರೆ, ದನಕರು, ಭತ್ತದ ಕಣಜ, ಕೊನೆಗೆ ಹೊಲ ಮತ್ತು ಅಡಿಕೆ ತೋಟ. ಜಪ್ತಿಯಾದ ಭೂಮಿಯನ್ನು ಬೇರೆಯವರಿಗೆ ಮಾರಲಾಯಿತು. ಊರಿನವರು ಯಾರೂ ಕೊಳ್ಳಬಾರದೆಂಬ ಬಹಿಷ್ಕಾರವಿದ್ದರೂ ಕೊಂಡವರು ಕೆಲವರಿದ್ದರು. ಆಗ ಸಿದ್ದಾಪುರದ ಕಡೆಯ ಹೆಣ್ಣುಮಕ್ಕಳು ಮಾಡಿದ ಕೆಲಸವನ್ನು ನಾವು ಎಷ್ಟು ನೆನೆದರೂ ಕಡಿಮೆ. ಗಂಡಸರು ತುರಂಗದಲ್ಲಿದ್ದ ಕಾಲದಲ್ಲಿ, ಜಪ್ತಿಯ ಸ್ವತ್ತನ್ನು ಕೊಂಡವರ ಮನೆಯ ಬಾಗಿಲಲ್ಲಿ ಕುಳಿತು ಅವರು ಉಪವಾಸ ಮಾಡಿದರು. ಸಿದ್ದಾಪುರದ ಹತ್ತಿರ ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕವಿದೆ. ಜೋಗಕ್ಕೆ ಹೋಗುವ ನಮ್ಮವರು ಜಲಪಾತದ ಫೋಟೋ ತೆಗೆದುಕೊಂಡು ಮರಳುತ್ತಾರೆ. ಕೆಲವೇ ಮೈಲಿಗಳ ದೂರದಲ್ಲಿರುವ ಈ ಸ್ಥಳವನ್ನು ನೋಡಿದವರು ಕಡಿಮೆ.

1937ರಲ್ಲಿ ಬಾಳಾಸಾಹೇಬ ಖೇರರ ನಾಯಕತ್ವದ ಕಾಂಗ್ರೆಸ್ ಮಂತ್ರಿಮಂಡಲ ಮುಂಬಯಿಯಲ್ಲಿ ಅಧಿಕಾರಕ್ಕೆ ಬಂದಿತು. 1938ರಲ್ಲಿ, ಕಾನೂನುಭಂಗದ ಕಾಲದಲ್ಲಿ ಮುಟ್ಟುಗೋಲಾದ ಭೂಮಿಗಳನ್ನು ಮೂಲ ಒಡೆಯರಿಗೆ ಹಿಂದಿರುಗಿಸುವ ಕಾಯಿದೆಯನ್ನು ಮುಂಬಯಿ ಶಾಸನಸಭೆ ಅಂಗೀಕರಿಸಿತು. ಒಂದು ಸರಕಾರವು ತನ್ನ ಹಿಂದಿನ ಸರಕಾರದ ಶಿಕ್ಷೆಯನ್ನು ತಪ್ಪೆಂದು ಒಪ್ಪಿ, ಸರ್ವೇ ನಂಬರಿನ ಪ್ರಕಾರ ಹಿಂದಿರುಗಿಸಿದ ಇಂಥ ನಿದರ್ಶನ ವಿರಳ. ಇದು ಸಾಧ್ಯವಾದದ್ದು ಜಪ್ತಿಗೆ ದಾಖಲೆ ಇದ್ದುದರಿಂದ. ಪರಕೀಯ ಸರಕಾರದ ಕಾರಕೂನನು ಬರೆದಿಟ್ಟ ಜಪ್ತಿಯ ಯಾದಿಯೇ ರೈತನಿಗೆ ಅವನ ಹೊಲವನ್ನು ಮರಳಿಸುವ ಸಾಧನವಾಯಿತು.

ಆದರೆ ಅಲ್ಲಿಗೆ ಎಲ್ಲವೂ ಸುಖಾಂತವಾಗಲಿಲ್ಲ. ಅದೇ ಅಂಕೋಲೆಯ ದಿನಕರ ದೇಸಾಯಿಯವರು, ಚುಟುಕಗಳಿಂದ ನಮಗೆಲ್ಲ ಪರಿಚಿತರಾದವರು, ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದುಕೊಂಡು ಊರಿನ ಗೇಣಿದಾರ ರೈತರನ್ನು ಸಂಘಟಿಸಿದರು. 1940ರಲ್ಲಿ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಲಾಯಿತು. ಐದು ವರ್ಷ ಅವರು ಹುಟ್ಟಿದೂರಿಗೆ ಕಾಲಿಡುವಂತಿರಲಿಲ್ಲ. ಮುಂದೆ 1967ರಲ್ಲಿ ಅದೇ ಜಿಲ್ಲೆಯ ಜನ ಅವರನ್ನು ಲೋಕಸಭೆಗೆ ಆರಿಸಿ ಕಳುಹಿಸಿದರು.

ಮೈಸೂರು ಸಂಸ್ಥಾನ: ಧ್ವಜ ಮತ್ತು ಗುಂಡು

ಮೈಸೂರಿನ ಪರಿಸ್ಥಿತಿ ಬೇರೆ. ಅಲ್ಲಿ ಆಳುತ್ತಿದ್ದವರು ನಮ್ಮ ಮಹಾರಾಜರು. ದಿವಾನರು ಮಿರ್ಜಾ ಇಸ್ಮಾಯಿಲರಂಥ ದಕ್ಷರು. ಮಾದರಿ ಸಂಸ್ಥಾನವೆಂಬ ಕೀರ್ತಿ ಇತ್ತು. ಹಾಗಾಗಿ ಪೊಲೀಸರ ವರ್ತನೆಯನ್ನು ಪ್ರಶ್ನಿಸುವುದು ಇನ್ನೂ ಕಠಿಣವಾಗಿತ್ತು: ಒಳ್ಳೆಯ ಸರಕಾರವನ್ನು ಯಾರು ತಾನೇ ದೂರುತ್ತಾರೆ?

ಆದರೂ ವಿಚಾರಣೆಯ ಪರಂಪರೆ ಅಲ್ಲಿ ಹುಟ್ಟಿಕೊಂಡಿತ್ತು. 1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಶಾಲೆಯ ಗಣಪತಿ ವಿಗ್ರಹದ ವಿವಾದದಿಂದ ಗಲಭೆಗಳಾದಾಗ, ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ನೇಮಕವಾಯಿತು. ಗಲಭೆಯ ಕಾರಣಗಳನ್ನು ಹುಡುಕಲು ಹೊರಟ ಆ ಸಮಿತಿ ಜವಾಬ್ದಾರಿ ಸರಕಾರದ ಅಗತ್ಯದ ಮಾತನ್ನೂ ಎತ್ತಿತು. ಆಣೆಕಟ್ಟು ಕಟ್ಟಿದ ಇಂಜಿನಿಯರರು ಬಿರುಕಿನ ಮೂಲ ಬುನಾದಿಯಲ್ಲಿದೆ ಎಂದು ಕಂಡುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

1937ರ ಅಕ್ಟೋಬರಿನಲ್ಲಿ ಮುಂಬಯಿಯ ನಾಯಕ ಕೆ. ಎಫ್. ನರಿಮನ್ ಬೆಂಗಳೂರಿಗೆ ಭಾಷಣಕ್ಕೆಂದು ಹೋದರು. ಚರ್ಚ್‌ಗೇಟ್ ಆಚೆಯ ನರಿಮನ್ ಪಾಯಿಂಟಿಗೆ ದಿನವೂ ಕಚೇರಿಗೆ ಹೋಗುವ ನಮ್ಮ ಮಕ್ಕಳಿಗೆ ಆ ಹೆಸರಿನ ಹಿಂದಿನ ವ್ಯಕ್ತಿಯ ಪರಿಚಯ ಇರಲಿಕ್ಕಿಲ್ಲ. ಅವರು ವಕೀಲರು, ಮುಂಬಯಿಯ ಮಹಾಪೌರರಾಗಿದ್ದವರು. ಬ್ಯಾಕ್‌ಬೇ ಸಮುದ್ರಭರ್ತಿ ಯೋಜನೆಯ ಅವ್ಯವಹಾರವನ್ನು ಬಯಲಿಗೆಳೆದು, ಮಾನನಷ್ಟ ಮೊಕದ್ದಮೆಯನ್ನು ಎದುರಿಸಿ ಗೆದ್ದವರು. ಮೈಸೂರು ಸರಕಾರ ಅವರನ್ನು ಬಂಧಿಸಿತು. ನಗರ ಕೆರಳಿತು, ಪೊಲೀಸರು ಬಲಪ್ರಯೋಗ ಮಾಡಿದರು. ಹೊರಗಿನವರ ಪ್ರಚೋದನೆ ಎಂಬ ಮಾತು ಆಗಲೂ ಕೇಳಿಬಂದಿತು. ಈಗಲೂ ಪ್ರತಿ ಚಳವಳಿಯಲ್ಲಿ ಅದು ಕೇಳಿಬರುತ್ತದೆ.

1938ರ ಏಪ್ರಿಲ್ ತಿಂಗಳು ಮೈಸೂರಿನ ಇತಿಹಾಸದಲ್ಲಿ ಮರೆಯಲಾಗದ್ದು. ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಏರ್ಪಟ್ಟಿತು. (ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ, ಆಗ ಅದು ಮೈಸೂರು ಜಿಲ್ಲೆಯ ಭಾಗ.) ರಾಷ್ಟ್ರಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆ ಹೊರಟಿತ್ತು. ಸ್ವಾಗತ ಸಮಿತಿಯ ಅಧ್ಯಕ್ಷರು ಎಚ್. ಕೆ. ವೀರಣ್ಣಗೌಡರು, ಅಧಿವೇಶನದ ಅಧ್ಯಕ್ಷರು ಟಿ. ಸಿದ್ಧಲಿಂಗಯ್ಯನವರು. ಏಪ್ರಿಲ್ 11ರಂದು ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿದರು. ಅವರನ್ನು ದಸ್ತಗಿರಿ ಮಾಡಲಾಯಿತು. ಒಬ್ಬರ ನಂತರ ಒಬ್ಬರು ಅದೇ ಕಾರ್ಯವನ್ನು ಮುಂದುವರಿಸಿದರು. ಶಿವಪುರದಲ್ಲಿ ರಕ್ತ ಹರಿಯಲಿಲ್ಲ. ಆಜ್ಞೆ ಹೊರಡಿಸಿದವರು, ಮೀರಿದವರು, ಬಂಧಿಸಿದವರು, ಮೂವರೂ ಅಲ್ಲಿ ತಮ್ಮ ತಮ್ಮ ಹೆಸರಿನಲ್ಲಿ ನಡೆದುಕೊಂಡರು.

ಎರಡು ವಾರಗಳ ನಂತರ ಹಾಗಾಗಲಿಲ್ಲ. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥವು ಉತ್ತರ ಪಿನಾಕಿನಿಯ ದಡದ ಯಾತ್ರಾಸ್ಥಳ. ವಿದುರನು ನೆಟ್ಟನೆಂಬ ಪ್ರತೀತಿಯ ಅಶ್ವತ್ಥವೃಕ್ಷವೊಂದು ಅಲ್ಲಿತ್ತು. ಆ ಮುದಿಮರ 2001ರಲ್ಲಿ ಉರುಳಿತು. 1938ರ ಏಪ್ರಿಲ್ 25ರಂದು, ಜಾತ್ರೆಯ ಕಾಲದಲ್ಲಿ, ಧ್ವಜ ಹಾರಿಸಲೆಂದು ಜನ ಅಲ್ಲಿನ ತೋಪಿನಲ್ಲಿ ಕೂಡಿದರು. ನಿಷೇಧಾಜ್ಞೆ ಇಲ್ಲಿಯೂ ಇತ್ತು. ಆದರೆ ಜಾತ್ರೆಗೆ ಬಂದ ಸಾವಿರಾರು ಜನರಲ್ಲಿ ಆಜ್ಞೆಯನ್ನು ಓದಿದವರೆಷ್ಟು, ಕೇಳಿದವರೆಷ್ಟು? ದೇವರಿಗೆ ಬಂದವರು ಯಾರು, ಧ್ವಜಕ್ಕೆ ಬಂದವರು ಯಾರು ಎಂದು ಪ್ರತ್ಯೇಕಿಸುವುದು ಹೇಗೆ? ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಎಂಬುದು ಜನರ ಲೆಕ್ಕ. ಸರಕಾರ ಒಪ್ಪಿಕೊಂಡ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಕರ್ನಾಟಕದ ಜಲಿಯನ್‌ವಾಲಾಬಾಗ್ ಎಂದು ಆ ಸ್ಥಳವನ್ನು ಕರೆಯುತ್ತಾರೆ.

ಈ ಎರಡು ಲೆಕ್ಕಗಳ ನಡುವಿನ ಅಂತರವೇ ನಮ್ಮನ್ನು ಹೆಚ್ಚು ಕಾಡುವುದು. ಬ್ಯಾಂಕಿನಲ್ಲಿ ಸಂಜೆಯ ನಗದು ಹೊಂದದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಇಲ್ಲಿ ಮನುಷ್ಯರ ಲೆಕ್ಕ ಹೊಂದಲಿಲ್ಲ. ಎಂಟು ದಶಕಗಳು ಕಳೆದವು.

ಸರಕಾರವು ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಇನ್ನೊಂದು ಕಡೆ ಗಾಂಧೀಜಿಯವರ ಸೂಚನೆಯಂತೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಮೇ ತಿಂಗಳಲ್ಲಿ ಆದ ಮಿರ್ಜಾ–ಪಟೇಲ್ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು, ರಾಜಕೀಯ ಬಂದಿಗಳ ಬಿಡುಗಡೆಯಾಯಿತು, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನು ಹಾರಿಸಲು ಅವಕಾಶವಾಯಿತು. ಏಪ್ರಿಲಿನಲ್ಲಿ ಯಾವ ಧ್ವಜಕ್ಕಾಗಿ ಗುಂಡು ಹಾರಿತೋ ಮೇ ತಿಂಗಳಲ್ಲಿ ಅದೇ ಧ್ವಜ ಕಾನೂನಿಗೆ ಒಪ್ಪಿಗೆಯಾಯಿತು. ಹಾಗಾದರೆ ಆ ಆಜ್ಞೆಯ ಅವಶ್ಯಕತೆ ಏನಿತ್ತೆಂಬ ಪ್ರಶ್ನೆಯನ್ನು ಸತ್ತವರ ಮನೆಯವರು ಕೇಳಿಕೊಂಡಿರಲೇಬೇಕು. ಜವಾಬ್ದಾರಿ ಸರಕಾರ ಬರಲು 1947ರ ಅಕ್ಟೋಬರಿನವರೆಗೆ, ಮೈಸೂರು ಚಲೋ ಚಳವಳಿಯವರೆಗೆ, ಕಾಯಬೇಕಾಯಿತು.

ಈಸೂರಿನ ಮಾತನ್ನು ಆಡದೆ ಬಿಟ್ಟರೆ ಚಿತ್ರ ಅಪೂರ್ಣ. ಶಿಕಾರಿಪುರ ತಾಲೂಕಿನ ಈ ಹಳ್ಳಿ 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ನಿಜವಾದ ಅಮಲ್ದಾರರೂ ಪೊಲೀಸರೂ ಹಳ್ಳಿಗೆ ಬಂದಾಗ ಘರ್ಷಣೆಯಾಗಿ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಇಬ್ಬರೂ ಹತರಾದರು. ನಂತರ ಹಳ್ಳಿಯ ಮೇಲೆ ನಡೆದ ದಮನ ಭಯಂಕರ. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಈಸೂರಿನ ಶೌರ್ಯವನ್ನು ನಾವು ಗೌರವಿಸುತ್ತೇವೆ. ಆದರೆ ಅದನ್ನು ಶಿವಪುರದ ಸಾಲಿನಲ್ಲಿ ಇಡಲಾರೆವು. ಹತರಾದ ಇಬ್ಬರು ಅಧಿಕಾರಿಗಳಿಗೂ ಮನೆಯಲ್ಲಿ ಕಾಯುತ್ತಿದ್ದವರು ಇದ್ದರು.

ನಮ್ಮದೇ ಸರಕಾರ ಬಂದ ಮೇಲೆ

ಸ್ವಾತಂತ್ರ್ಯ ಬಂದ ನಂತರ ಕಾನೂನುಭಂಗಕ್ಕೆ ಎಡೆ ಇದೆಯೇ ಎಂಬುದು ದೊಡ್ಡ ಚರ್ಚೆ. ಮತಪೆಟ್ಟಿಗೆ ಇರುವಾಗ ಸತ್ಯಾಗ್ರಹವೇಕೆ ಎನ್ನುವವರಿದ್ದಾರೆ; ಆ ಮಾತಿನಲ್ಲಿ ತೂಕವಿಲ್ಲದಿಲ್ಲ. 1951ರ ಏಪ್ರಿಲಿನಲ್ಲಿ ಸಾಗರ ತಾಲೂಕಿನ ಕಾಗೋಡಿನ ಗೇಣಿದಾರರು ಅದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲ. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮುಂದಿನ ಭೂಸುಧಾರಣೆಯ ಮಾತಿಗೆಲ್ಲ ಕಾಗೋಡು ಹಿನ್ನೆಲೆಯಾಯಿತು.

ಲೋಹಿಯಾರವರಿಗೆ ಬಂಧನವೆಂದರೆ ನ್ಯಾಯಾಲಯಕ್ಕೆ ಹೋಗಲು ಒಂದು ದಾರಿ. ಉತ್ತರ ಪ್ರದೇಶದಲ್ಲಿ ಕಾಲುವೆ ನೀರಿನ ದರ ಏರಿದಾಗ, ಹೆಚ್ಚಿನ ದರ ಕೊಡಬೇಡಿರೆಂದು ರೈತರಿಗೆ ಕರೆ ನೀಡಿ ಅವರು ಬಂಧಿತರಾದರು. ಅದಕ್ಕೆ ಬಳಸಿದ್ದು ಬ್ರಿಟಿಷರು 1932ರಲ್ಲಿ ಮಾಡಿದ್ದ ಕಾಯಿದೆ! 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಕರ ಕೊಡಬೇಡಿರೆಂದು ಹೇಳುವುದಕ್ಕೂ ಸಾರ್ವಜನಿಕ ಶಾಂತಿ ಕದಡುವುದಕ್ಕೂ ನೇರ, ನಿಕಟ ಸಂಬಂಧವನ್ನು ಸರಕಾರ ತೋರಿಸಬೇಕು. ದೂರದ ಊಹೆ ಸಾಲದು ಎಂಬುದು ತೀರ್ಪಿನ ತಿರುಳು. ಅಂಕೋಲೆಯ ರೈತರಿಗೆ 1930ರಲ್ಲಿ ಸಿಗದ ವಾದ ಇದು.

ಮುಂಬಯಿಯಲ್ಲಿ ಫ್ಲೋರಾ ಫೌಂಟನ್ ಬಳಿಯ ಹುತಾತ್ಮ ಚೌಕವನ್ನು ನಾವು ದಾಟದ ದಿನವಿಲ್ಲ. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ 1955–56ರ ಗೋಲೀಬಾರುಗಳಿಗೆ ಬಲಿಯಾದವರ ಸ್ಮಾರಕವದು. ಭಾಷಾವಾರು ಪ್ರಾಂತದ ವಿಷಯದಲ್ಲಿ ನಮ್ಮ ನಿಲುವು ಏನೇ ಇರಲಿ, ಒಂದು ಸಂಗತಿಯನ್ನು ಬ್ಯಾಂಕ್ ನೌಕರರಾದ ನಾವು ಅಭಿಮಾನದಿಂದ ನೆನೆಯುತ್ತೇವೆ. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರರಾಗಿದ್ದ ಸಿ. ಡಿ. ದೇಶಮುಖರು ಆಗ ಕೇಂದ್ರ ಹಣಕಾಸು ಮಂತ್ರಿಗಳು. 1956ರಲ್ಲಿ ಅವರು ರಾಜೀನಾಮೆ ಕೊಟ್ಟಾಗ, ಮುಂಬಯಿಯ ಭವಿಷ್ಯದ ಪ್ರಶ್ನೆಯ ಜೊತೆಗೆ, ಗೋಲೀಬಾರಿನ ಕುರಿತು ನ್ಯಾಯಾಂಗ ವಿಚಾರಣೆ ನಡೆಸಲಿಲ್ಲವೆಂಬ ಆಕ್ಷೇಪವನ್ನೂ ಎತ್ತಿದರು. ಲೆಕ್ಕ ಕೊಡದ ಗುಂಡಿಗಾಗಿ ಮಂತ್ರಿಪದವಿ ಬಿಟ್ಟವರು ನಮಗೆ ತಿಳಿದಂತೆ ಹೆಚ್ಚು ಜನರಿಲ್ಲ.

1980ರ ಜುಲೈ 21ರಂದು ನರಗುಂದ ಮತ್ತು ನವಲಗುಂದದಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರದ ವಿರುದ್ಧ ಎದ್ದು ನಿಂತಾಗ ಮತ್ತೆ ಗುಂಡು ಹಾರಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಕರ್ನಾಟಕ ರಾಜ್ಯ ರೈತ ಸಂಘ ರೂಪುಗೊಂಡದ್ದು ಆ ಕಾವಿನಲ್ಲಿ.

ತುರ್ತುಪರಿಸ್ಥಿತಿಯ ಕಾಲವನ್ನು ಎರಡೇ ಹೆಸರುಗಳಲ್ಲಿ ಹೇಳುತ್ತೇವೆ. ಮುಂಬಯಿಯ ಕಾರ್ಮಿಕ ನಾಯಕ, ಮಂಗಳೂರಿನ ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು 1976ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿದ್ದಾನೆಂದು ಕೇಳಿ ಚಿತ್ರಹಿಂಸೆ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಜೈಲಿನಲ್ಲಿ ಆರೋಗ್ಯ ಕೆಟ್ಟು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಇಂದಿನ ನಿಯಮಗಳು

1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ. ಕೆ. ಬಸು ಅವರು ಪೊಲೀಸ್ ವಶದಲ್ಲಿನ ಸಾವುಗಳ ಕುರಿತು ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ಹತ್ತು ವರ್ಷಗಳ ನಂತರ, 1996ರ ಡಿಸೆಂಬರ್ 18ರಂದು ನ್ಯಾಯಾಲಯವು ಹನ್ನೊಂದು ನಿರ್ದೇಶನಗಳನ್ನು ಕೊಟ್ಟಿತು. ಅವುಗಳಲ್ಲಿ ಹಲವು ಈಗ ಕಾಯಿದೆಯ ಭಾಗ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ಇಲ್ಲಿ ಹೊಸ ಸಂಖ್ಯೆಗಳನ್ನೇ ಕೊಡುತ್ತೇವೆ.

ಕಲಂ 36ರಂತೆ ಬಂಧಿಸುವ ಅಧಿಕಾರಿಯ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ದಸ್ತಗಿರಿಯ ಜ್ಞಾಪನಪತ್ರ ತಯಾರಾಗಬೇಕು. ಅದಕ್ಕೆ ಮನೆಯವರೊಬ್ಬರ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಇರಬೇಕು, ಬಂಧಿತನ ಸಹಿಯೂ ಇರಬೇಕು. ಮನೆಯವರಿಗೆ ತಿಳಿಸುವುದು ಕಡ್ಡಾಯ. ವಿಚಾರಣೆಯ ಕಾಲದಲ್ಲಿ ವಕೀಲರನ್ನು ಕಾಣುವ ಹಕ್ಕು ಕಲಂ 38ರಲ್ಲಿದೆ, ಇಡೀ ವಿಚಾರಣೆಯುದ್ದಕ್ಕೂ ಅಲ್ಲ. ಇಪ್ಪತ್ತನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿಯ ಮಾತೇ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭದ ಹೊರತು, ಹೆಂಗಸರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆದಿರಬೇಕು.

ನಮ್ಮ ವಯಸ್ಸಿನವರಿಗೆ ಉಪಯುಕ್ತವಾದ ಒಂದು ಅಂಶ: ಹೆಂಗಸರನ್ನು, ಅರವತ್ತು ದಾಟಿದ ಗಂಡಸರನ್ನು ಸಾಕ್ಷಿಯ ಹೇಳಿಕೆಗೆಂದು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು (ಕಲಂ 179). ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಅರವತ್ತು ದಾಟಿದವರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು.

ನಿಷೇಧಾಜ್ಞೆ, ಅಂದರೆ ಎಲ್ಲರ ಬಾಯಲ್ಲಿರುವ 144, ಈಗ ಕಲಂ 163. ಅದರ ಸಾಮಾನ್ಯ ಅವಧಿ ಎರಡು ತಿಂಗಳು. ರಾಜ್ಯ ಸರಕಾರ ಇನ್ನೂ ಆರು ತಿಂಗಳವರೆಗೆ ಮುಂದುವರಿಸಬಹುದು. ಇಂಥ ಆಜ್ಞೆಯನ್ನು ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 223ರಂತೆ ಆರು ತಿಂಗಳವರೆಗೆ ಸಜೆ ಅಥವಾ 2,500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೀವಕ್ಕೆ ಅಪಾಯವಾಗುವಂತಿದ್ದರೆ ಒಂದು ವರ್ಷ, 5,000 ರೂಪಾಯಿ. ಬೀದಿಗಿಳಿಯುವ ತರುಣರು ಇದನ್ನು ತಿಳಿದೇ ಇಳಿಯಬೇಕು.

ಆಜ್ಞೆಯೂ ಪ್ರಶ್ನಾತೀತವಲ್ಲ. 2019ರ ಡಿಸೆಂಬರ್ 18ರಂದು ಬೆಂಗಳೂರಿನ ಪೊಲೀಸ್ ಆಯುಕ್ತರು ಹೊರಡಿಸಿದ ನಿಷೇಧಾಜ್ಞೆಯಡಿ ಮರುದಿನ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನೂ ಒಳಗೊಂಡು ಅನೇಕರನ್ನು ವಶಕ್ಕೆ ತೆಗೆದುಕೊಂಡರು. 2020ರ ಫೆಬ್ರವರಿ 13ರಂದು ಕರ್ನಾಟಕ ಹೈಕೋರ್ಟು ಆ ಆಜ್ಞೆಯನ್ನು ಕಾನೂನುಬಾಹಿರವೆಂದು ಹೇಳಿತು. ತೀರ್ಪು ಬರುವ ಹೊತ್ತಿಗೆ ಆಜ್ಞೆಯ ಅವಧಿ ಎಂದೋ ಮುಗಿದಿತ್ತು ಎಂಬುದು ನಿಜ. ಆದರೂ ನ್ಯಾಯಾಲಯವು ಪರೀಕ್ಷಿಸಲು ಸಾಧ್ಯವಾದದ್ದು ಆಜ್ಞೆ ಬರವಣಿಗೆಯಲ್ಲಿದ್ದುದರಿಂದ.

ಠಾಣೆಯ ಒಳಗಿನದನ್ನು ನೋಡಲು 2020ರ ಡಿಸೆಂಬರ್ 2ರ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕೆಂದೂ, ಮುದ್ರಣವನ್ನು ಹದಿನೆಂಟು ತಿಂಗಳು, ಕನಿಷ್ಠ ಒಂದು ವರ್ಷವಾದರೂ ಉಳಿಸಬೇಕೆಂದೂ ಆಜ್ಞಾಪಿಸಿತು. ದೂರು ಯಾರಿಗೆ? 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪು ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದಿತು. ಕರ್ನಾಟಕವು 2012ರಲ್ಲಿ, ಮಹಾರಾಷ್ಟ್ರವು 2014ರಲ್ಲಿ ತಮ್ಮ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದಕ್ಕೆ ಅವಕಾಶ ಮಾಡಿದವು. ತೀರ್ಪಿಗೂ ತಿದ್ದುಪಡಿಗೂ ನಡುವಿನ ವರ್ಷಗಳನ್ನು ಎಣಿಸಿದರೆ ಸರಕಾರಗಳ ಉತ್ಸಾಹ ಎಷ್ಟಿತ್ತೆಂಬುದು ತಿಳಿಯುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೂ ದೂರು ಕೊಡಬಹುದು. ಘಟನೆಯಾದ ಒಂದು ವರ್ಷದೊಳಗೆ ಕೊಡಬೇಕು.

ಇನ್ನು ನಮ್ಮ ಗೆಳೆಯರ ಮಗನ ಹನ್ನೊಂದು ತಾಸು. ಅಂದು ಹೆಸರಿಲ್ಲದಿದ್ದ ಆ ಸ್ಥಿತಿಗೆ ಹೊಸ ಸಂಹಿತೆಯ ಕಲಂ 172 ಹೆಸರು ಕೊಟ್ಟಿದೆ. ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಪಾಲಿಸದವರನ್ನು ತಡೆದಿರಿಸಬಹುದು. ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಬೇಕು, ಇಲ್ಲವೇ ಸಣ್ಣ ಪ್ರಕರಣವಾದರೆ ಆದಷ್ಟು ಬೇಗ, ಇಪ್ಪತ್ತನಾಲ್ಕು ತಾಸಿನೊಳಗೆ, ಬಿಡಬೇಕು. ಪೊಲೀಸರ ಕೈಗೆ ಇದು ಹೊಸ ಅಧಿಕಾರವೆಂದು ಟೀಕಿಸುವವರಿದ್ದಾರೆ. ಆ ಟೀಕೆ ಸರಿಯೆಂದೇ ನಮಗೂ ತೋರುತ್ತದೆ. ಆದರೆ ಹೆಸರಿರುವ ಅಧಿಕಾರವನ್ನು ಪ್ರಶ್ನಿಸಲು ಬರುತ್ತದೆ: ಸೂಚನೆ ಕೊಟ್ಟವರು ಯಾರು, ಎಷ್ಟು ಗಂಟೆಗೆ, ಠಾಣೆಯ ದಿನಚರಿಯಲ್ಲಿ ಅದು ಬರೆದಿದೆಯೇ? ಆ ರಾತ್ರಿ ಈ ಮೂರನ್ನು ಕೇಳಲು ನಮಗೆ ತಿಳಿದಿರಲಿಲ್ಲ. ಹುಡುಗ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಅವನ ತಂದೆ ಆ ದಿನದ ತಾರೀಖು, ವ್ಯಾನಿನ ನಂಬರು, ಒಳಗೆ ಹೋದ ಮತ್ತು ಹೊರಬಂದ ವೇಳೆಗಳನ್ನು ಮನೆಯ ಜಮಾಖರ್ಚಿನ ಪುಸ್ತಕದ ಕೊನೆಯ ಪುಟದಲ್ಲಿ ಬರೆದು, ಕೆಳಗೆ ತಮ್ಮ ಸಹಿ ಹಾಕಿ, ನಮ್ಮಿಂದಲೂ ಸಾಕ್ಷಿಯ ಸಹಿ ಪಡೆದಿದ್ದಾರೆ.